ಪತ್ತಿನ ಸಂಘಕ್ಕೆ ಕೊಟ್ಟ ನಿಮ್ಮ ಮಾಹಿತಿ ಎಲ್ಲೆಲ್ಲಿ ಹೋಗತ್ತೆ, ಅದನ್ನ ಕಾಪಾಡ್ಕೊಳ್ಳೋದು ಹೇಗೆ

ನಾನು ಒಂದು ಪತ್ತಿನ ಸಹಕಾರ ಸಂಘದ ಕೌಂಟರಲ್ಲಿ ಒಂಬತ್ತು ವರ್ಷ ಕೂತಿದ್ದೆ. ಸೇರಿದ ಎರಡನೇ ವರ್ಷ ಇರಬೇಕು, ಒಬ್ಬರು ಬಂದು ನಮ್ಮ ಹೆಂಡ್ತಿ ಪಿಗ್ಮಿಲಿ ಎಷ್ಟಾಗಿದೆ ಸ್ವಲ್ಪ ನೋಡಿ ಹೇಳಿ ಅಂದ್ರು, ಗುರುತಿನ ಮನುಷ್ಯ, ದಿನಾ ಬಸ್‌ಸ್ಟ್ಯಾಂಡಲ್ಲಿ ನೋಡೋ ಮುಖ, ನಾನು ಲೆಡ್ಜರ್ ತೆಗೆದು ಹನ್ನೊಂದು ಸಾವಿರ ಚಿಲ್ಲರೆ ಆಗಿದೆ ಅಂತ ಹೇಳಿಬಿಟ್ಟೆ. ಆಯಮ್ಮ ದೇವಸ್ಥಾನದ ಹತ್ರ ಹೂ ಮಾರ್ತಿದ್ರು, ದಿನಕ್ಕೆ 40 ರೂಪಾಯಿ ಹಾಗೆ ಮಗಳ ಕಾಲೇಜ್ ಫೀಸಿಗೆ ಅಂತ ಎತ್ತಿಡ್ತಿದ್ರು, ಮನೇಲಿ ಯಾರಿಗೂ ಹೇಳಿರಲಿಲ್ಲ. ಎರಡೇ ದಿನಕ್ಕೆ ಅವರು ಗಂಡನ ಜೊತೆ ಬಂದು ಖಾತೆ ಕ್ಲೋಸ್ ಮಾಡ್ಸಿದ್ರು, ದುಡ್ಡು ಎಣಿಸಿ ಕೊಟ್ಟಿದ್ದು ಆಯಮ್ಮನ ಕೈಗೆ, ಆದ್ರೆ ಕೌಂಟರ್ ಬಿಟ್ಟು ಎರಡು ಹೆಜ್ಜೆ ಇಡೋದ್ರೊಳಗೆ ಅದು ಗಂಡನ ಜೇಬಲ್ಲಿತ್ತು. ಆಯಮ್ಮ ನನ್ನ ಮುಖ ನೋಡಿದ್ದು ಇವತ್ತಿಗೂ ಮರೆಯಕ್ಕಾಗಿಲ್ಲ. ಆಮೇಲೆ ಅವರು ಸಂಘದ ಕಡೆ ಬರಲೇ ಇಲ್ಲ.

ಮಾಹಿತಿ ಸೋರಿಕೆ ಅಂದ್ರೆ ಎಲ್ಲೋ ಕೂತು ಯಾವನೋ ಕಂಪ್ಯೂಟರ್ ಹ್ಯಾಕ್ ಮಾಡೋದು ಅಂತ ಜನ ಅನ್ಕೋತಾರೆ. ಪತ್ತಿನ ಸಂಘದಲ್ಲಿ ಮುಕ್ಕಾಲು ಪಾಲು ಸೋರೋದು ಬಾಯಿಂದ, ಜೆರಾಕ್ಸಿಂದ, ವಾಟ್ಸಾಪಿಂದ. ಎಲ್ಲರೂ ಎಲ್ಲರಿಗೂ ಗೊತ್ತಿರೋ ಜಾಗ ಅದು, ನಮ್ಮ ಸಂಘಗಳ ಬಲನೂ ಅದೇ, 1905ರಲ್ಲಿ ಗದಗ ಹತ್ರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗ ಒಬ್ಬರನ್ನೊಬ್ಬರು ಬಲ್ಲವರು ಅನ್ನೋ ನಂಬಿಕೆ ಮೇಲೇ ಸಾಲ ಕೊಡೋಕೆ ಶುರುವಾಗಿದ್ದು. ಅದಕ್ಕೇ ಇಲ್ಲಿ ಹುಷಾರಾಗಿರೋ ರೀತಿನೂ ಬ್ಯಾಂಕಿಗಿಂತ ಬೇರೆ. ಏನೇನು ಮಾಡ್ಬೇಕು ಅಂತ ಒಂದೊಂದಾಗಿ ಬರೀತೀನಿ, ಹೊಸದಾಗಿ ಸದಸ್ಯರಾಗೋರಿಗೂ ಆಗತ್ತೆ, ಆಗಲೇ ಇರೋರಿಗೂ ಆಗತ್ತೆ.

ಮೊದಲು: ನಿಮ್ಮ ಸಂಘ ಯಾರ ಕೈಕೆಳಗೆ ಬರತ್ತೆ ನೋಡ್ಕೊಳ್ಳಿ

ಇದು ಎರಡು ನಿಮಿಷದ ಕೆಲಸ, ಪಾಸ್‌ಬುಕ್ ಮೇಲೆ ಅಥವಾ ಬೋರ್ಡ್ ಮೇಲೆ ರಿಜಿಸ್ಟರ್ ನಂಬರ್ ಇರತ್ತೆ. ಕೆಲವು ಸಂಘ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಕೆಳಗೆ, ಸೌಹಾರ್ದ ಅಂತ ಹೆಸರಿದ್ರೆ 1997ರ ಸೌಹಾರ್ದ ಸಹಕಾರಿ ಕಾಯ್ದೆ ಕೆಳಗೆ, ಎರಡು ಮೂರು ರಾಜ್ಯದಲ್ಲಿ ಶಾಖೆ ಇರೋ ಮಲ್ಟಿ ಸ್ಟೇಟ್ ಸೊಸೈಟಿ ಆದ್ರೆ 2002ರ ಕೇಂದ್ರದ ಕಾಯ್ದೆ ಕೆಳಗೆ ಬರತ್ತೆ. ಯಾಕೆ ಹೇಳ್ತಿದೀನಿ ಅಂದ್ರೆ ನಾಳೆ ಏನಾದ್ರೂ ಎಡವಟ್ಟಾದ್ರೆ ದೂರು ಎಲ್ಲಿ ಕೊಡ್ಬೇಕು ಅನ್ನೋದು ಇದರ ಮೇಲೇ ನಿಂತಿದೆ. ಸಹಕಾರಿ ಬ್ಯಾಂಕ್ ಆದ್ರೆ ರಿಸರ್ವ್ ಬ್ಯಾಂಕ್ ಇದೆ, ಆದ್ರೆ ಬರೀ ಪತ್ತಿನ ಸಂಘಕ್ಕೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದ್ರೆ ದೂರು ಕೇಳೋ ಅಧಿಕಾರಿ ಹತ್ರ ಹೋದ್ರೆ ಇದು ನಮಗೆ ಸೇರಲ್ಲ ಅಂತ ವಾಪಸ್ ಕಳಿಸ್ತಾರೆ, ತಿಂಗಳುಗಟ್ಟಲೆ ಅಲೆದು ಸುಸ್ತಾದೋರನ್ನ ನೋಡಿದೀನಿ.

ಅರ್ಜಿ ಕೊಡೋ ಮುಂಚೆ: ಜೆರಾಕ್ಸ್ ಮೇಲೆ ಬರೀರಿ

ಶೇರು ಅರ್ಜಿ ಜೊತೆ ಕೇಳೋದು ಸಾಮಾನ್ಯವಾಗಿ ಫೋಟೋ, ವಿಳಾಸದ ದಾಖಲೆ, ಪ್ಯಾನ್, ಆಧಾರ್, ನಾಮಿನಿ ವಿವರ, ಸೂಚಕರ, ಅಂದ್ರೆ ನಿಮ್ಮನ್ನ ಸೇರಿಸ್ಕೊಳ್ಳಿ ಅಂತ ಹೇಳೋ ಸದಸ್ಯರ ಸಹಿ. ಜಾತಿ ಕಾಲಂ ಯಾಕೆ ಅಂತ ತುಂಬಾ ಜನ ಕೇಳ್ತಾರೆ, ಆಡಳಿತ ಮಂಡಳಿ ಚುನಾವಣೇಲಿ ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗಕ್ಕೆ ಮೀಸಲು ಸ್ಥಾನ ಇರೋದ್ರಿಂದ ಅದು ಬೇಕಾಗತ್ತೆ. ಹಾಗೆ ಪ್ರತಿ ಕಾಲಂಗೂ ಒಂದು ಕಾರಣ ಇರ್ಬೇಕು, ಗೊತ್ತಾಗದಿದ್ರೆ ಕೌಂಟರಲ್ಲೇ ಕೇಳಿ, ಕೇಳಿದ್ರೆ ಯಾರೂ ತಪ್ಪು ತಿಳ್ಕೊಳಲ್ಲ.

ಆಧಾರ್ ವಿಷಯಕ್ಕೆ ಬರೋಣ. ಪೂರ್ತಿ ನಂಬರ್ ಇರೋ ಕಾಪಿ ಕೊಡೋ ಬದಲು ಮಾಸ್ಕ್ಡ್ ಆಧಾರ್ ಕೊಡಿ, ಆಧಾರ್ ಕೊಡೋ ಸಂಸ್ಥೆ ಯುಐಡಿಎಐ ವೆಬ್‌ಸೈಟಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಅಂತ ಟಿಕ್ ಮಾಡಿದ್ರೆ ಮೊದಲ 8 ಅಂಕಿ ಮುಚ್ಚಿ ಕೊನೇ 4 ಮಾತ್ರ ಕಾಣೋ ಕಾಪಿ ಬರತ್ತೆ. ಸೈಬರ್ ಸೆಂಟರಲ್ಲಿ ಪ್ರಿಂಟ್ ತೆಗೆಸಿದ್ರೆ ಆ ಫೈಲನ್ನ ಡೌನ್‌ಲೋಡ್ಸ್ ಫೋಲ್ಡರಿಂದನೂ ರೀಸೈಕಲ್ ಬಿನ್ನಿಂದನೂ ಅಳಿಸಿ ಎದ್ದು ಬನ್ನಿ, ಯಾಕಂದ್ರೆ ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತೆ ಹುಟ್ಟಿದ ವರ್ಷ ಅಷ್ಟೇ, ನಿಮ್ಮನ್ನ ಬಲ್ಲೋರಿಗೆ ಅದು ಗೊತ್ತಿರೋದೇ. 2022ರ ಮೇನಲ್ಲಿ ಯುಐಡಿಎಐನ ಬೆಂಗಳೂರು ಕಚೇರಿನೇ ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕೋರಿಗೆ ಕೊಡಬೇಡಿ ಅಂತ ಪ್ರಕಟಣೆ ಹೊರಡಿಸಿ, ಜನ ಗಾಬರಿಯಾದ್ರು ಅಂತ ಎರಡು ದಿನಕ್ಕೆ ಸರ್ಕಾರ ಅದನ್ನ ವಾಪಸ್ ತಗೊಂಡಿತ್ತು, ನೆನಪಿರಬಹುದು. ಪ್ರಕಟಣೆ ವಾಪಸ್ ಹೋಯ್ತು ಅಂತ ಎಚ್ಚರ ಬಿಡಬೇಕಾಗಿಲ್ಲ.

ಇನ್ನು ಪ್ರತಿ ಜೆರಾಕ್ಸ್ ಮೇಲೂ ಬರೆಯೋದು. ಇದನ್ನ ನಾನು ನಮ್ಮಮ್ಮಂಗೂ ಕೈ ಹಿಡಿದು ಕಲಿಸಿದೀನಿ. ಕಾಗದದ ಖಾಲಿ ಜಾಗದಲ್ಲಿ ಬರೀಬೇಡಿ, ಖಾಲಿ ಜಾಗನ ಕತ್ತರಿಸಿ ಇನ್ನೊಂದು ಜೆರಾಕ್ಸ್ ತೆಗೀಬಹುದು. ಕಾರ್ಡಿನ ಚಿತ್ರದ ಮೇಲೇ ಓರೆಯಾಗಿ, ನೀಲಿ ಪೆನ್ನಲ್ಲಿ, ಒಂದು ತುದಿ ಕಾರ್ಡ್ ಒಳಗೆ ಇನ್ನೊಂದು ತುದಿ ಹೊರಗೆ ಬರೋ ಹಾಗೆ, ಇಂಥ ಸಂಘದ ಸದಸ್ಯತ್ವಕ್ಕೆ ಮಾತ್ರ ಅಂತ ಬರೆದು ತಾರೀಖು ಹಾಕಿ ಸಹಿ ಮಾಡಿ. ಮುಖ, ಹೆಸರು ಓದೋಕೆ ಆಗ್ಬೇಕು ಅಷ್ಟೇ. ಹಾಗೆ ಬರೆದ ಕಾಪಿ ಇಟ್ಕೊಂಡು ಸಿಮ್ ತಗೊಳೋದು, ಇನ್ನೆಲ್ಲೋ ನಿಮ್ಮ ಹೆಸರಲ್ಲಿ ಸಾಲ ಎತ್ತೋದು ಕಷ್ಟ. ಹೆಚ್ಚುವರಿ ಜೆರಾಕ್ಸ್ ಇದ್ರೆ ಕೌಂಟರಲ್ಲಿ ಇರ್ಲಿ ಬಿಡಿ ಅಂತ ಬಿಟ್ಟು ಬರಬೇಡಿ, ಆಮೇಲೆ ಅದೇ ಕಾಗದದ ಹಿಂಬದಿ ಲೆಕ್ಕ ಹಾಕೋಕೆ ಬಳಸ್ತಾರೆ, ಹರಿದು ಬುಟ್ಟಿಗೆ ಹೋಗತ್ತೆ, ಬುಟ್ಟಿ ರದ್ದಿಗೆ ಹೋಗತ್ತೆ, ರದ್ದಿ ಎಲ್ಲಿಗೆ ಹೋಗತ್ತೆ ಅಂತ ಯಾರೂ ಕೇಳಲ್ಲ.

ನಿಮ್ಮ ಫೈಲ್ ಯಾರ್ಯಾರು ನೋಡಬಹುದು

ಇಲ್ಲಿ ತುಂಬಾ ಗೊಂದಲ ಇದೆ, ನಿಧಾನವಾಗಿ ಓದಿ. ನೀವು ಸದಸ್ಯರು ಅನ್ನೋದು ಗುಟ್ಟಲ್ಲ, ಚುನಾವಣೆ ಬಂದಾಗ ಮತದಾರರ ಪಟ್ಟಿ ನೋಟಿಸ್ ಬೋರ್ಡಿಗೇ ಹಾಕ್ತಾರೆ, ಹಾಕಲೇಬೇಕು. ಆದ್ರೆ ನಿಮ್ಮ ಠೇವಣಿ ಎಷ್ಟು, ಸಾಲ ಎಷ್ಟು, ನಾಮಿನಿ ಯಾರು, ಫೋನ್ ನಂಬರ್ ಏನು ಅನ್ನೋದು ಬೇರೆ ಮಾತು. ಅದನ್ನ ನೋಡೋ ಕೆಲಸ ಇರೋದು ಕೌಂಟರ್ ಸಿಬ್ಬಂದಿಗೆ, ಕಾರ್ಯದರ್ಶಿಗೆ, ಸಾಲದ ಅರ್ಜಿ ಆದ್ರೆ ಸಾಲ ಉಪಸಮಿತಿಗೆ ಮತ್ತೆ ಆಡಳಿತ ಮಂಡಳಿ ಸಭೆಗೆ, ವರ್ಷಕ್ಕೊಮ್ಮೆ ಆಡಿಟರಿಗೆ. ಸಹಕಾರ ಇಲಾಖೆಯವರು ತಪಾಸಣೆಗೆ ಬಂದ್ರೆ, ಕೋರ್ಟ್ ಆದೇಶ ಬಂದ್ರೆ, ಆದಾಯ ತೆರಿಗೆ ಇಲಾಖೆ ಕಾನೂನು ಪ್ರಕಾರ ಕೇಳಿದ್ರೆ ಸಂಘ ಕೊಡಲೇಬೇಕು, ಅದಕ್ಕೆ ನಿಮ್ಮ ಒಪ್ಪಿಗೆ ಬೇಕಾಗಿಲ್ಲ. ಒಬ್ಬ ನಿರ್ದೇಶಕರು ಸಂಜೆ ಹೊತ್ತು ಬಂದು ನನ್ನ ಎದುರುಮನೆಯವನ ಲೋನ್ ಎಷ್ಟು ಬಾಕಿ ಅಂತ ಕೇಳಿದ್ರೆ ಅದು ಸಭೆಯ ಕೆಲಸ ಅಲ್ಲ, ನಿರ್ದೇಶಕರು ಅಂದಮಾತ್ರಕ್ಕೆ ಲೆಡ್ಜರ್ ಅವರ ಮನೆ ಪುಸ್ತಕ ಆಗಲ್ಲ. ಸಿಬ್ಬಂದಿಗೆ ಇಲ್ಲ ಅನ್ನೋಕೆ ಭಯ ಇರತ್ತೆ, ನನಗೂ ಇತ್ತು. ಅದಕ್ಕೆ ಸಂಘದಲ್ಲಿ ಬರಹದಲ್ಲಿ ಒಂದು ನಿಯಮ ಇದ್ರೆ ಸಿಬ್ಬಂದಿಗೂ ಅದು ಕಾವಲು.

ಆರ್‌ಟಿಐ ಹಾಕಿ ಬೇರೆಯವರು ನಿಮ್ಮ ಖಾತೆ ವಿವರ ತೆಗೀಬಹುದಾ? ಕೇರಳದ ತಲಪ್ಪಾಲಂ ಸರ್ವೀಸ್ ಕೋಆಪರೇಟಿವ್ ಬ್ಯಾಂಕಿನ ಕೇಸಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರೆ, ಸರ್ಕಾರದ ದೊಡ್ಡ ಪಾಲಿನ ದುಡ್ಡಾಗಲಿ ಹಿಡಿತವಾಗಲಿ ಇಲ್ಲದ ಸಹಕಾರ ಸಂಘ ಆರ್‌ಟಿಐ ಕಾಯ್ದೆ ಪ್ರಕಾರ ಸಾರ್ವಜನಿಕ ಪ್ರಾಧಿಕಾರ ಅಲ್ಲ ಅಂತ, ಅಂದ್ರೆ ಅಂಥ ಸಂಘಕ್ಕೆ ಆರ್‌ಟಿಐ ಹಾಕೋಕಾಗಲ್ಲ. ಸಂಘಗಳ ಮೇಲೆ ಕಣ್ಣಿಡೋ ಸರ್ಕಾರದ ನಿಬಂಧಕರ (ರಿಜಿಸ್ಟ್ರಾರ್) ಕಚೇರಿಗೆ ಆರ್‌ಟಿಐ ಅನ್ವಯಿಸತ್ತೆ, ಆದ್ರೆ ಅಲ್ಲೂ ಸದಸ್ಯರ ಖಾಸಗಿ ವಿವರ ಕೇಳಿದ ತಕ್ಷಣ ಕೊಡೋ ಹಾಗಿಲ್ಲ.

ನೌಕರರ ಪತ್ತಿನ ಸಂಘದಲ್ಲಿ ಇರೋರು ಒಂದು ಗಮನಿಸಿ, ಕಂತು ಸಂಬಳದಲ್ಲೇ ಕಡಿತ ಆಗೋದ್ರಿಂದ ನಿಮ್ಮ ಆಫೀಸಿನ ಅಕೌಂಟ್ಸ್ ವಿಭಾಗಕ್ಕೆ ಸಾಲದ ವಿಷಯ ಗೊತ್ತಾಗೇ ಆಗತ್ತೆ. ಸಾಲ ಎಷ್ಟು, ಕಂತು ಎಷ್ಟು ಅನ್ನೋದಕ್ಕಿಂತ ಜಾಸ್ತಿ, ಅಂದ್ರೆ ಯಾಕೆ ತಗೊಂಡ್ರಿ, ಮನೇಲಿ ಯಾರಿಗೆ ಹುಷಾರಿಲ್ಲ ಇದೆಲ್ಲ ಅಲ್ಲಿಗೆ ಹೋಗೋ ಅಗತ್ಯ ಇಲ್ಲ. ಸಾಲದ ಅರ್ಜೀಲಿ ಉದ್ದೇಶ ಬರೆಯುವಾಗ ವೈದ್ಯಕೀಯ ವೆಚ್ಚ ಅಂತ ಬರೆದ್ರೆ ಸಾಕು, ಕಾಯಿಲೆ ಹೆಸರು ಬರೀಬೇಡಿ.

ಮನೆಯವರು ಕೇಳಿದಾಗ

ಮೇಲೆ ಹೇಳಿದ ಕಥೆ ನಿಮಗೆ ಆಗಬಾರದು ಅಂದ್ರೆ ಹೀಗೆ ಮಾಡಿ. ಖಾತೆ ತೆಗೆಯೋ ದಿನವೇ ಒಂದು ಬಿಳಿ ಹಾಳೇಲಿ, ನನ್ನ ಖಾತೆ ವಿವರ ನನಗೆ ಬಿಟ್ಟು ಕುಟುಂಬದವರೂ ಸೇರಿ ಯಾರಿಗೂ ಬಾಯಿಮಾತಲ್ಲಿ ಅಥವಾ ಫೋನಲ್ಲಿ ತಿಳಿಸಬಾರದು ಅಂತ ಬರೆದು, ಎರಡು ಪ್ರತಿ ಮಾಡಿ, ಒಂದನ್ನ ಕೊಟ್ಟು ಇನ್ನೊಂದರ ಮೇಲೆ ಸೀಲು ಸಹಿ ಹಾಕಿಸ್ಕೊಳ್ಳಿ. ಇಷ್ಟಕ್ಕೇ ಕೌಂಟರಲ್ಲಿ ಕೂತೋರ ಬಾಯಿ ಬಿಗಿಯಾಗತ್ತೆ. ನಾಮಿನಿ ಆದೋರಿಗೂ ನೀವು ಬದುಕಿರುವಾಗ ಬ್ಯಾಲೆನ್ಸ್ ಕೇಳೋ ಹಕ್ಕು ಇಲ್ಲ. ಜಂಟಿ ಖಾತೆ ಆದ್ರೆ ಮಾತ್ರ ಇಬ್ಬರಿಗೂ ಎಲ್ಲ ಕಾಣತ್ತೆ, ಅದನ್ನ ತಿಳಿದೇ ಜಂಟಿ ಮಾಡಿ.

ಪಿಗ್ಮಿ, ಫೋನು, ವಾಟ್ಸಾಪ್

ಪಿಗ್ಮಿ ನಮ್ಮ ಕಡೆಯದ್ದೇ, 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಮನೆ ಮನೆಗೆ ಹೋಗಿ ಚಿಲ್ಲರೆ ಕಾಸು ಕಟ್ಟಿಸ್ಕೊಳ್ಳೋಕೆ ಶುರು ಮಾಡಿದ್ದು. ಇವತ್ತು ಸಂಘದ ಪಿಗ್ಮಿ ಕಲೆಕ್ಟರಿಗೆ ಗೊತ್ತಿರೋಷ್ಟು ನಿಮ್ಮ ವ್ಯಾಪಾರದ ವಿಷಯ ನಿಮ್ಮ ತಮ್ಮಂಗೂ ಗೊತ್ತಿರಲ್ಲ, ಯಾವ ದಿನ ಕಲೆಕ್ಷನ್ ಕಮ್ಮಿ, ಯಾವ ವಾರ ಅಂಗಡಿ ಬಾಗಿಲು ಹಾಕಿತ್ತು ಎಲ್ಲ. ಒಳ್ಳೆಯೋರೇ ಜಾಸ್ತಿ, ಬಿಸಿಲಲ್ಲಿ ಸುತ್ತಿ ದುಡಿಯೋ ಜನ. ಆದ್ರೂ ಎರಡು ವಿಷಯ ಬಿಡಬೇಡಿ. ಒಂದು, ಮೊಬೈಲ್ ಅವರ ಕೈಗೆ ಕೊಟ್ಟು ಓಟಿಪಿ ನೀವೇ ನೋಡ್ಕೊಳ್ಳಿ ಅನ್ನಬೇಡಿ. ಇನ್ನೊಂದು, ತಿಂಗಳಿಗೊಮ್ಮೆ ನೀವೇ ಸಂಘಕ್ಕೆ ಹೋಗಿ ಕಾರ್ಡಲ್ಲಿರೋ ಮೊತ್ತ ಮತ್ತೆ ಲೆಡ್ಜರಲ್ಲಿರೋ ಮೊತ್ತ ತಾಳೆ ನೋಡಿ, ಎಂಟ್ರಿ ಹಾಕಿಸಿ.

ಫೋನ್ ನಂಬರ್ ಬದಲಾದ್ರೆ ಅದೇ ವಾರ ಸಂಘಕ್ಕೆ ಬರಹದಲ್ಲಿ ತಿಳಿಸಿ. ಬಂದ್ ಆದ ನಂಬರನ್ನ ಕಂಪನಿಯವರು 90 ದಿನ ಆದ್ಮೇಲೆ ಬೇರೆಯವರಿಗೆ ಕೊಡಬಹುದು, ಆಗ ನಿಮ್ಮ ಠೇವಣಿ, ಕಂತಿನ ಮೆಸೇಜು ಯಾರೋ ಗೊತ್ತಿಲ್ಲದೋರ ಫೋನಿಗೆ ಹೋಗ್ತಾ ಇರತ್ತೆ. ಇದು ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ.

ವಾಟ್ಸಾಪ್ ಗ್ರೂಪಂತೂ ಈಗ ದೊಡ್ಡ ತಲೆನೋವು. ಸುಸ್ತಿದಾರರ, ಅಂದ್ರೆ ಸಾಲ ಕಟ್ಟದೇ ಉಳಿದೋರ ಪಟ್ಟಿನ ಫೋಟೋ ತೆಗೆದು ಸದಸ್ಯರ ಗ್ರೂಪಿಗೆ ಹಾಕೋದು, ದಾಖಲೆ ಫೋಟೋನ ಸಿಬ್ಬಂದಿಯ ಸ್ವಂತ ನಂಬರಿಗೆ ಕಳಿಸಿ ಅನ್ನೋದು. ಸಾಲ ವಸೂಲಿಗೆ ನೋಟಿಸ್ ಇದೆ, ನಿಬಂಧಕರ ಮುಂದೆ ದಾವೆ ಇದೆ, ಅದೆಲ್ಲ ಮಾಡ್ಲಿ, ಆದ್ರೆ ಊರವರ ಮುಂದೆ ಮಾನ ಕಳೆಯೋದು ವಸೂಲಿ ಅಲ್ಲ. ದಾಖಲೆ ಕಳಿಸಲೇಬೇಕಾದ್ರೆ ಸಂಘದ ಅಧಿಕೃತ ಇಮೇಲ್ ಕೇಳಿ, ಇಲ್ಲಾಂದ್ರೆ ಕೈಯಲ್ಲೇ ತಗೊಂಡು ಹೋಗಿ ಕೊಡಿ.

ಜಾಮೀನು ಹಾಕುವಾಗ, ಚೆಕ್ ಕೊಡುವಾಗ

ಜಾಮೀನುದಾರರ ಮಾಹಿತಿ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಸ್ನೇಹಿತನಿಗೆ ಅಂತ ಜಾಮೀನು ಹಾಕಿದ್ರೆ ನಿಮ್ಮ ಸಂಬಳದ ಚೀಟಿ, ಪಹಣಿ, ಆಧಾರ್ ಎಲ್ಲ ಅವನ ಫೈಲಲ್ಲಿ ಕೂತಿರತ್ತೆ, ಎಷ್ಟೋ ಸಲ ಸಾಲಗಾರನೇ ಆ ಕಾಗದ ಹಿಡ್ಕೊಂಡು ಓಡಾಡ್ತಾನೆ. ನಿಮ್ಮ ದಾಖಲೆ ನೀವೇ ನೇರವಾಗಿ ಸಂಘಕ್ಕೆ ಕೊಡಿ, ಅದರ ಮೇಲೂ ಇಂಥವರ ಸಾಲದ ಜಾಮೀನಿಗೆ ಮಾತ್ರ, ಇಷ್ಟು ಮೊತ್ತಕ್ಕೆ ಅಂತ ಬರೀರಿ. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಇರೋದ್ರಿಂದ ಆ ಸಾಲ ಎಷ್ಟು ಬಾಕಿ ಇದೆ ಅಂತ ನೀವು ಬರಹದಲ್ಲಿ ಕೇಳಿ ತಿಳ್ಕೊಬಹುದು. ಅವನ ಬೇರೆ ಠೇವಣಿ ವಿವರ ನಿಮಗೆ ಸಿಗಲ್ಲ, ಸಿಗಬಾರದು ಕೂಡ.

ಭದ್ರತೆಗೆ ಅಂತ ಸಹಿ ಹಾಕಿದ ಖಾಲಿ ಚೆಕ್ ಕೇಳೋದು ಮಾಮೂಲಾಗಿಬಿಟ್ಟಿದೆ. ಸಹಿ ಹಾಕಿ ಖಾಲಿ ಕೊಟ್ರೆ ತುಂಬ್ಕೊಳ್ಳೋಕೆ ಅಧಿಕಾರ ಕೊಟ್ಟ ಹಾಗೆ ಅಂತ ಕಾನೂನೇ ಹೇಳತ್ತೆ. ಕೊಡಲೇಬೇಕಾಗಿ ಬಂದ್ರೆ ಕನಿಷ್ಠ ಸಂಘದ ಹೆಸರು ನೀವೇ ಬರೆದು ಎರಡು ಗೆರೆ ಎಳೀರಿ, ಚೆಕ್ ನಂಬರುಗಳನ್ನ ಒಂದು ಪತ್ರದಲ್ಲಿ ಬರೆದು ಇವು ಇಂಥ ಸಾಲದ ಭದ್ರತೆಗೆ ಮಾತ್ರ ಅಂತ ಹೇಳಿ ಸ್ವೀಕೃತಿ ತಗೊಳ್ಳಿ. ಆ ಪತ್ರ ಜೋಪಾನ.

ಕಂಪ್ಯೂಟರ್ ಬಂದ್ಮೇಲೆ ಏನು ಬದಲಾಯ್ತು

ಮೊದಲು ನಿಮ್ಮ ವಿವರ ಒಂದು ಕಬ್ಬಿಣದ ಬೀರುವಿನಲ್ಲಿ ಇರ್ತಿತ್ತು, ಕೀಲಿ ಕಾರ್ಯದರ್ಶಿ ಹತ್ರ. ಈಗ ಸಾಫ್ಟ್‌ವೇರ್. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನ ಕಂಪ್ಯೂಟರ್ ಮಾಡೋಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿಕೊಂಡಿತು, ಊರಿನ ವಿಎಸ್‌ಎಸ್‌ಎನ್‌ಗೂ (ವ್ಯವಸಾಯ ಸೇವಾ ಸಹಕಾರ ಸಂಘಕ್ಕೂ) ಬಂದಿದೆ ನೋಡಿ. ಪೇಟೆಯ ಸಂಘಗಳು ಖಾಸಗಿಯವರ ಸಾಫ್ಟ್‌ವೇರ್ ಹಾಕಿಸ್ಕೊಂಡಿವೆ. ನಾನಿದ್ದ ಕಡೆ ಐದು ಜನಕ್ಕೆ ಒಂದೇ ಲಾಗಿನ್, ಪಾಸ್‌ವರ್ಡ್ ಸ್ಕ್ರೀನ್ ಪಕ್ಕ ಚೀಟಿ ಅಂಟಿಸಿತ್ತು. ಯಾರು ಯಾವ ಖಾತೆ ತೆಗೆದು ನೋಡಿದ್ರು ಅಂತ ಆಮೇಲೆ ಹುಡುಕೋಕೆ ದಾರಿನೇ ಇರಲಿಲ್ಲ.

ಕಾನೂನು ಈಗ ನಿಧಾನಕ್ಕೆ ಬಿಗಿಯಾಗ್ತಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಹೇಳಿದ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಲ್ಲಿ. ಆ ದಾರೀಲೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಲ್ಲಿ ಅದರ ನಿಯಮಗಳು ಬಂದ್ವು, ಮುಖ್ಯವಾದ ಹೊಣೆಗಳು 18 ತಿಂಗಳು ಬಿಟ್ಟು, ಅಂದ್ರೆ 2027ರ ಮೇ ಹೊತ್ತಿಗೆ ಜಾರಿ ಅಂತ ಇಟ್ಟಿದಾರೆ. ಅದರಲ್ಲಿ ನಮಗೆ ಬೇಕಾದ್ದು ಇಷ್ಟು: ಒಪ್ಪಿಗೆ ಕೇಳುವಾಗ ಯಾವ ಮಾಹಿತಿ, ಯಾತಕ್ಕೆ ಅಂತ ಸ್ಪಷ್ಟವಾಗಿ ಹೇಳಬೇಕು, ಆ ತಿಳುವಳಿಕೆ ಪತ್ರ ಕನ್ನಡದಲ್ಲೇ ಕೊಡಿ ಅಂತ ಕೇಳೋ ಹಕ್ಕು ನಿಮಗಿದೆ, ತಪ್ಪಿದ್ರೆ ತಿದ್ದಿಸಬಹುದು, ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು, ಸೋರಿಕೆ ಆದ್ರೆ ನಿಮಗೂ ಆ ಕಾಯ್ದೆಯ ದತ್ತಾಂಶ ರಕ್ಷಣಾ ಮಂಡಳಿಗೂ ತಿಳಿಸಬೇಕು, ಭದ್ರತೆ ಇಡದೆ ಸೋರಿಸಿದ್ರೆ ದಂಡ 250 ಕೋಟಿವರೆಗೂ ಹಾಕಬಹುದು. ಒಂದು ಕೊರತೆ ಇದೆ, ಹೆಸರೇ ಹೇಳೋ ಹಾಗೆ ಅದು ಡಿಜಿಟಲ್ ಮಾಹಿತಿಗೆ ಅಥವಾ ಕಂಪ್ಯೂಟರಿಗೆ ಏರಿಸಿದ ಮಾಹಿತಿಗೆ ಮಾತ್ರ. ಬೀರುವಿನ ಕಾಗದದ ಫೈಲು, ನೋಟಿಸ್ ಬೋರ್ಡಿನ ಕೈಬರಹ ಇವಕ್ಕೆ ಆ ಕಾಯ್ದೆ ಇಲ್ಲ. ಪತ್ತಿನ ಸಂಘದಲ್ಲಿ ಕಾಗದವೇ ಜಾಸ್ತಿ, ಹಾಗಾಗಿ ಕಾಯ್ದೆ ಬಂತು ಅಂತ ಸುಮ್ನೆ ಕೂರೋ ಹಾಗಿಲ್ಲ.

ಸರ್ವಸದಸ್ಯರ ಸಭೇಲಿ ಕೇಳಿ

ಬ್ಯಾಂಕಲ್ಲಿ ನೀವು ಗ್ರಾಹಕರು, ಇಲ್ಲಿ ಶೇರುದಾರರು, ಸಂಘ ನಿಮ್ಮದು. ಸೆಪ್ಟೆಂಬರ್ ಸುಮಾರಿಗೆ ವಾರ್ಷಿಕ ಸಭೆ ಆಗತ್ತೆ, ಜನ ಊಟಕ್ಕೆ, ಡಿವಿಡೆಂಡ್ ಎಷ್ಟು ಕೇಳೋಕೆ ಬರ್ತಾರೆ. ಈ ಸಲ ಒಂದೆರಡು ಪ್ರಶ್ನೆ ಮುಂಚೆನೇ ಬರಹದಲ್ಲಿ ಕೊಟ್ಟು ಬನ್ನಿ. ಪ್ರತಿ ಸಿಬ್ಬಂದಿಗೂ ಬೇರೆ ಬೇರೆ ಲಾಗಿನ್ ಇದೆಯಾ? ಸಾಫ್ಟ್‌ವೇರ್ ಕೊಟ್ಟೋರ ಜೊತೆ ಗೋಪ್ಯತೆಯ ಕರಾರು ಆಗಿದೆಯಾ, ಬ್ಯಾಕಪ್ ಎಲ್ಲಿರತ್ತೆ, ಪೆನ್‌ಡ್ರೈವಲ್ಲಿ ಯಾರ ಮನೇಲಾದ್ರೂ ಇದೆಯಾ? ಹಳೇ ಫೈಲುಗಳನ್ನ ರದ್ದಿಗೆ ಹಾಕ್ತೀರೋ ಯಂತ್ರದಲ್ಲಿ ಚೂರು ಮಾಡಿಸ್ತೀರೋ? ಕೆಲಸ ಬಿಟ್ಟ ಪಿಗ್ಮಿ ಏಜೆಂಟ್ ಹತ್ರ ಸದಸ್ಯರ ಪಟ್ಟಿ ಉಳಿದಿದೆಯಾ? ಉತ್ತರ ನಡಾವಳಿ ಪುಸ್ತಕದಲ್ಲಿ ಬರಲಿ ಅಂತ ಎದ್ದು ನಿಂತು ಹೇಳಿ. ಮೊದಲ ವರ್ಷ ನೋಡೋಣ ಅಂತಾರೆ, ಎರಡನೇ ವರ್ಷ ಹಳೇ ನಡಾವಳಿ ತೋರಿಸಿ ಕೇಳಿದ್ರೆ ಕೆಲಸ ಆಗತ್ತೆ, ನಾನು ಈಗ ಸದಸ್ಯನಾಗಿರೋ ಸಂಘದಲ್ಲಿ ಬೇರೆ ಬೇರೆ ಲಾಗಿನ್ ಬಂದಿದ್ದು ಹಾಗೇ.

ಸೋರಿದ್ರೆ ಏನು ಮಾಡೋದು

ದುಡ್ಡು ಹೋಗಿದ್ರೆ ಸಂಘಕ್ಕೆ ಓಡೋ ಮುಂಚೆ 1930ಕ್ಕೆ ಫೋನ್ ಮಾಡಿ, ಮೊದಲ ಗಂಟೆ ಎರಡು ಗಂಟೆ ಒಳಗೆ ಹೇಳಿದ್ರೆ ದುಡ್ಡು ಮುಂದಿನ ಖಾತೇಲೇ ತಡೆಯೋ ಸಾಧ್ಯತೆ ಇರತ್ತೆ, ಆಮೇಲೆ ಜಿಲ್ಲೆಯ ಸೆನ್, ಅಂದ್ರೆ ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆಗೆ ಹೋಗಿ. ಆಧಾರ್ ಕಾಪಿ ಅಥವಾ ಬೆರಳಚ್ಚು ತಪ್ಪು ಕೈಗೆ ಹೋಗಿರಬಹುದು ಅನ್ಸಿದ್ರೆ ಯುಐಡಿಎಐನ ಆಧಾರ್ ಆಪಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಓಟಿಪಿ ಇಲ್ಲದೆ ಬರೀ ಬೆರಳಚ್ಚಲ್ಲಿ ದುಡ್ಡು ತೆಗೆಯೋ ಮೋಸ ನಡೆದಿದೆ, ಲಾಕ್ ಇದ್ರೆ ಅದು ಆಗಲ್ಲ. ಪ್ಯಾನ್ ಬಳಸಿ ಯಾರಾದ್ರೂ ಸಾಲ ತಗೊಂಡಿದಾರಾ ಅಂತ ನೋಡೋಕೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅನ್ನೋ, ಜನರ ಸಾಲದ ಲೆಕ್ಕ ಇಡೋ ಈ ನಾಲ್ಕು ಕಂಪನಿಗಳಲ್ಲೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ, ಒಂದೇ ಸಲ ನಾಲ್ಕೂ ತೆಗೀದೆ ಮೂರು ತಿಂಗಳಿಗೊಂದು ತೆಗೀರಿ, ವರ್ಷಪೂರ್ತಿ ಕಣ್ಣಿಟ್ಟ ಹಾಗಾಗತ್ತೆ.

ಬಾಯಿಂದ ಸೋರಿದ್ದು, ಗ್ರೂಪಿಗೆ ಹಾಕಿದ್ದು ಇಂಥವಕ್ಕೆ ಮೊದಲು ಕಾರ್ಯದರ್ಶಿಗೆ ಬರಹದ ದೂರು, ಸ್ಕ್ರೀನ್‌ಶಾಟ್ ಜೊತೆ, ಸ್ವೀಕೃತಿ ಸೀಲ್ ಹಾಕಿಸ್ಕೊಂಡು. ಹದಿನೈದು ದಿನ ನೋಡಿ ಅಧ್ಯಕ್ಷರಿಗೆ ಮತ್ತೆ ಆಡಳಿತ ಮಂಡಳಿಗೆ, ಆಮೇಲೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ. ಮಲ್ಟಿ ಸ್ಟೇಟ್ ಆದ್ರೆ ಕೇಂದ್ರ ನಿಬಂಧಕರು, 2023ರ ತಿದ್ದುಪಡಿ ಆದ್ಮೇಲೆ ಅಲ್ಲಿ ಸಹಕಾರ ಒಂಬುಡ್ಸ್‌ಮನ್ ಕೂಡ ಇದಾರೆ. ಬೈದು ಬರೀಬೇಡಿ, ಏನಾಯ್ತು, ಯಾವತ್ತಾಯ್ತು, ಯಾರು ನೋಡಿದ್ರು, ಏನು ಆಗ್ಬೇಕು ಇಷ್ಟೇ ಬರೀರಿ.

ಸಾಲ ತೀರಿದ ದಿನ, ಸಂಘ ಬಿಡೋ ದಿನ

ಕೊನೇ ಕಂತು ಕಟ್ಟಿದ ಖುಷೀಲಿ ಜನ ಬರಿಗೈಲಿ ಮನೆಗೆ ಹೋಗಿಬಿಡ್ತಾರೆ. ಹೋಗಬೇಡಿ. ಬೇಬಾಕಿ ಪತ್ರ (ಸಾಲ ಏನೂ ಬಾಕಿ ಇಲ್ಲ ಅನ್ನೋದು), ಭದ್ರತೆಗೆ ಕೊಟ್ಟ ಚೆಕ್ಕುಗಳು, ಮೂಲ ದಾಖಲೆ, ಬಂಗಾರ ಆದ್ರೆ ತೂಕದ ಚೀಟಿ ನೋಡಿ ಬಂಗಾರ, ಎಲ್ಲ ಅವತ್ತೇ ಕೇಳಿ. ಚೆಕ್ ನಂಬರ್ ನಿಮ್ಮ ಹಳೇ ಪತ್ರದ ಜೊತೆ ತಾಳೆ ನೋಡಿ ಅಲ್ಲೇ ಎದುರಿಗೇ ಹರೀರಿ. ಜಾಮೀನು ಹಾಕಿದ ಸ್ನೇಹಿತನನ್ನೂ ಕರ್ಕೊಂಡು ಹೋಗಿ ಅವನ ಜಾಮೀನು ಮುಗೀತು ಅಂತ ಬರಹದಲ್ಲಿ ಕೊಡಿಸಿ. ಲೆಕ್ಕದ ದಾಖಲೆನ ಸಂಘ ಕಾನೂನು ಪ್ರಕಾರ ಇನ್ನಷ್ಟು ವರ್ಷ ಇಟ್ಕೊಬೇಕಾಗತ್ತೆ, ಅದನ್ನ ಅಳಿಸಿ ಅಂತ ಕೇಳೋಕಾಗಲ್ಲ. ಆದ್ರೆ ಮೆಸೇಜ್ ಪಟ್ಟಿಯಿಂದ, ವಾಟ್ಸಾಪ್ ಗ್ರೂಪಿಂದ, ಪಿಗ್ಮಿ ಏಜೆಂಟಿನ ಮೆಷಿನಿಂದ ನಿಮ್ಮ ಹೆಸರು ತೆಗೀರಿ ಅಂತ ಕೇಳಬಹುದು, ಒಂದು ಸಾಲು ಬರೆದು ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ.